ಜಗ್ಗು ಮೀಮಾಂಸೆ: ನೀಲಗಿರಿ ಪ್ರಕರಣ

ಶಾಸ್ತ್ರಗ್ರಂಥ ಬರೆಯುವವನು ಮೊದಲು ನಾಲ್ಕು ಮಾತು ತೀರಿಸಿಬಿಡಬೇಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇಲ್ಲಿ ಅಧಿಕಾರಿ ಎಂದರೆ ಕೋಲು, ರೀಲು, ಗಿರಗಿರ ತಿರುಗುವ ಹಿತ್ತಾಳೆ ತಗಡು ಇಷ್ಟನ್ನೂ ಸಾಲ ಮಾಡಿ ಕೊಂಡು, ಗುಂಡ್ಲುಪೇಟೆ ಹಾದು ಊಟಿಗೆ ಹೋಗಿ, ನೀರಿಗೆ ಎಸೆದ ದಾರ ಜಗ್ಗಿದಾಗಲೆಲ್ಲ ‘ಬಂತು, ಬಂತು!’ ಎಂದು ಕಿರುಚುವ ಹೊಸಬ. ವಿಷಯ, ಆ ಜಗ್ಗು. ಸಂಬಂಧ, ದಾರದ ಈಚೆ ತುದಿಯಲ್ಲಿರುವ ಇವನಿಗೂ ಆಚೆ ತುದಿಯಲ್ಲಿ ಏನಿದೆಯೋ ಅದಕ್ಕೂ ಇರುವಂಥದು. ಪ್ರಯೋಜನ, ಕಿರುಚಾಟ ಕಡಿಮೆಯಾಗುವುದು. ಮೀನು ಸಿಕ್ಕೇ ಸಿಗುತ್ತದೆಂದು ಈ ಶಾಸ್ತ್ರ ಎಲ್ಲೂ ಮಾತು ಕೊಟ್ಟಿಲ್ಲ.

ಪೂರ್ವಾಚಾರ್ಯರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ ಬರೆದಾಗ ರಾಜವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯ ಕೊಟ್ಟ. ಕಡಲಿನದು, ಹೊಳೆಯದು, ಹುರುಪೆ ಇರುವುದು, ಬರಿ ಚರ್ಮದ್ದು, ದೊಡ್ಡದು, ನಡುವಣದು, ಸಣ್ಣದು ಎಂದು ಮೀನುಗಳನ್ನು ಸಾಲಾಗಿ ನಿಲ್ಲಿಸಿ, ಯಾವುದಕ್ಕೆ ಯಾವ ತಿನಿಸು ರುಚಿ ಎಂದು ಅರಮನೆಯ ಅಡುಗೆಯವನ ಹಾಗೆ ಬರೆದಿಟ್ಟ. ದೊರೆಯ ಗಾಳ ಬಂಡೆಗೆ ಸಿಕ್ಕಿಕೊಂಡರೆ ನೀರಿಗಿಳಿದು ಬಿಡಿಸಲು ಆಳುಗಳಿದ್ದಿರಬೇಕು. ಜಗ್ಗಿನ ಜಾತಿ ತಿಳಿಯುವ ಜರೂರು ಅವನಿಗೇನು? ಆಮೇಲೆ ಬಂದವನು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕಂದಾಯ ವಸೂಲಿಯ ನಡುವೆ ಇಷ್ಟು ಮೀನು ಹಿಡಿಯಲು ಕಲೆಕ್ಟರಿಗೆ ಪುರುಸೊತ್ತು ಎಲ್ಲಿತ್ತು ಎಂದು ಕೇಳಬಾರದು. ಆಗಿನ ಕಚೇರಿಗಳೇ ಬೇರೆ.

ಇನ್ನು ಕ್ಷೇತ್ರವಿಚಾರ. ನೀಲಗಿರಿಯ ನೆತ್ತಿಯ ತೊರೆಗಳಲ್ಲಿ ಮೊದಲು ಹೇಳಿಕೊಳ್ಳುವಂಥ ಮೀನಿರಲಿಲ್ಲ. ಸುತ್ತಲೂ ಜಲಪಾತ, ಕಡಿದು. ಕೆಳಗಿನ ಮೀನು ಮೇಲೆ ಹತ್ತುವ ಬಗೆಯಿಲ್ಲ. ಬೆಟ್ಟದ ತೋದವರೋ ಮಾಂಸ ಮುಟ್ಟದವರು, ಎಮ್ಮೆಯ ಹಾಲು ಮಜ್ಜಿಗೆಯಲ್ಲಿ ತೃಪ್ತರು. ಮೀನಿಲ್ಲವೆಂದು ಯಾರೂ ಕೊರಗಿದಂತಿಲ್ಲ. ಕೊರಗಿದ್ದು ಬಿಳಿಯರು. ಮದರಾಸಿನ ಸೈನ್ಯದ ವೈದ್ಯ, ಭಾರತದ ಮೀನುಗಳ ಮೇಲೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಟ್ರೌಟ್ ಮೀನನ್ನು ಇಲ್ಲಿಗೆ ತರಲು ಹೋಗಿ ಕೈಸೋತ. ಹಡಗಿನ ಸೆಕೆಗೆ ಮಂಜುಗಡ್ಡೆ ತಡೆಯಬೇಕು, ಮಂಜುಗಡ್ಡೆ ತಡೆದರೆ ಮೊಟ್ಟೆ ತಡೆಯಬೇಕು, ಆಮೇಲೆ ಬೆಟ್ಟ ಹತ್ತುವ ಎತ್ತಿನ ಗಾಡಿಯ ಕುಲುಕಾಟ ತಡೆಯಬೇಕು. ಕೊನೆಗೆ ಮದರಾಸು ಸರ್ಕಾರದ ಎಚ್. ಸಿ. ವಿಲ್ಸನ್ 1907ರ ಹೊತ್ತಿಗೆ ಅವಲಾಂಚಿಯಲ್ಲಿ ಮರಿಮನೆ ಕಟ್ಟಿಸಿ ಕಾಮನಬಿಲ್ಲಿನ ಟ್ರೌಟನ್ನು ನೆಲೆಗೊಳಿಸಿದ. ಆ ಮೀನಿಗೆ ತಣ್ಣನೆಯ, ಓಡುವ, ಗಾಳಿ ಬೆರೆತ ನೀರು ಬೇಕು. ಇಪ್ಪತ್ತು ಡಿಗ್ರಿ ದಾಟಿದರೆ ಮುನಿಸು. ಅವಲಾಂಚಿಯಲ್ಲಿ ನೀರಿಗೆ ಬರವಿಲ್ಲ: 2019ರ ಆಗಸ್ಟ್ 8ರಂದು ಒಂದೇ ದಿನದ ಲೆಕ್ಕಕ್ಕೆ 82 ಸೆಂಟಿಮೀಟರ್ ಮಳೆ ಬಿದ್ದ ಜಾಗ ಅದು. ಹೀಗೆ ಮೇಲುನಾಡಿನ ಮೀನು ಎರಡು ಬಗೆ. ತೊರೆಯಲ್ಲೂ ಅಣೆಕಟ್ಟಿನ ತಣ್ಣೀರಿನಲ್ಲೂ ಬದುಕುವ ಟ್ರೌಟ್ ಒಂದು, ನಿಂತ ನೀರಿನ ತಳದ ಕೆಸರು ಕೆದಕುವ ಕಾರ್ಪ್ ಇನ್ನೊಂದು. ಎರಡೂ ವಲಸೆ ಬಂದವು. ಕ್ಯಾರೆಟ್, ಆಲೂಗಡ್ಡೆ, ನೀಲಗಿರಿ ಮರ ಎಲ್ಲವೂ ಹೊರಗಿನಿಂದ ಬಂದಿರುವ ಊರಿನಲ್ಲಿ ಮೀನನ್ನಷ್ಟೇ ಪರದೇಶಿ ಎನ್ನುವುದು ನ್ಯಾಯವಲ್ಲ.

ಎರೆಯ ವಿಚಾರದಲ್ಲಿ ಮತಗಳು ಮೂರು. ಹಿಟ್ಟಿನ ಮತದವರು ಮೈದಾ ಉಂಡೆ ಕಟ್ಟಿ ಬೆಂಡಿನ ಮೇಲೆ ಕಣ್ಣಿಟ್ಟು ಕೂರುತ್ತಾರೆ. ಕಾರ್ಪ್ ಇವರ ಇಷ್ಟದೇವತೆ, ತಾಳ್ಮೆಯೇ ತಪಸ್ಸು. ತಗಡಿನ ಮತದವರು ಕೂರುವುದೇ ಇಲ್ಲ. ಎಸೆ, ಸುತ್ತು, ಮತ್ತೆ ಎಸೆ. ಮೂರನೆಯವರು ವಿಶಿಷ್ಟಾದ್ವೈತಿಗಳು: ಹುಳುವೂ ನಿಜ, ತಗಡೂ ನಿಜ, ಹುಳು ತಗಡಿಗೆ ಅಂಗವಾಗಿ ಇರುತ್ತದೆ ಎನ್ನುವವರು. ಈ ಮೂರನೆಯ ಮತದ ಗುರುಪೀಠ ಅಮೆರಿಕದ ಕೆರೆನಾಡು ಮಿನೆಸೋಟದಲ್ಲಿದೆ. ಅಲ್ಲಿ ವಾಲೈ ಎಂಬ ಮೀನಿಗೆ 1965ರಲ್ಲಿ ರಾಜ್ಯಮೀನಿನ ಪಟ್ಟ ಕಟ್ಟಿದ್ದಾರೆ. ಅದರ ಕಣ್ಣಿನ ಒಳಪದರ ಬೆಳಕನ್ನು ಹಿಂದಕ್ಕೆ ಎಸೆಯುವಂಥದ್ದು. ಮುಸ್ಸಂಜೆಯ ಮಬ್ಬಿನಲ್ಲೂ ಬೇಟೆ ಕಾಣುತ್ತದೆ. ಹಗಲೆಲ್ಲ ತಳ ಹಿಡಿದು ಮಲಗುವ ಈ ಮಹಾಶಯನ ಮೂಗಿನ ಮುಂದೆ ಎರೆ ಎಳೆಯಬೇಕು, ಆದರೆ ಎರೆ ತಳಕ್ಕೆ ಸಿಕ್ಕಿಕೊಳ್ಳಬಾರದು. ಅದಕ್ಕೆ ಅವರು ಬಳಸುವ ಯಂತ್ರ ತಳಗುಪ್ಪ.

ತಳಗುಪ್ಪದ ಲಕ್ಷಣ: ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿದ ಉಕ್ಕಿನ ತಂತಿ. ಉದ್ದನೆಯ ಕಾಲು ಕೆಳಕ್ಕೆ, ಅದರ ನಡುವೆ ಸೀಸದ ಗುಂಡು. ಗುಂಡಿನ ಕೆಳಗೆ ಉಳಿದ ತಂತಿ ಮಾತ್ರ ತಳವನ್ನು ತಟ್ಟುತ್ತ ಸಾಗುತ್ತದೆ, ಕೊಕ್ಕೆಗೆ ತಳದ ಸೋಂಕು ತಟ್ಟುವುದಿಲ್ಲ. ಗಿಡ್ಡ ತೋಳಿಗೆ ಗಿರಕಿ, ಗಿರಕಿಯ ಹಿಂದೆ ನಾಲ್ಕೈದು ಅಡಿ ದಾರ, ಅದರ ತುದಿಯಲ್ಲಿ ಮಣಿಗಳು, ತಿರುಗುವ ಎಲೆ, ಎರೆಹುಳು ಚುಚ್ಚಿದ ಕೊಕ್ಕೆ. ಹತ್ತು ಅಡಿ ಆಳಕ್ಕೆ ಒಂದು ಔನ್ಸ್ ಸೀಸ ಎಂಬುದು ಅವರ ಸೂತ್ರ. ದೋಣಿ ಮೆಲ್ಲನೆ ಹೋಗುತ್ತಿರಲು ದಾರ ನೀರಿಗೆ ಅರ್ಧ ಲಂಬಕೋನದಲ್ಲಿ ಓರೆಯಾಗಿರಬೇಕು. ಎಲೆಯಲ್ಲೂ ಜಾತಿಗಳಿವೆ. ದುಂಡನೆಯ ಕೊಲರಾಡೊ ಎಲೆ ತಂತಿಯಿಂದ ದೂರ ನಿಂತು ದಪದಪ ಹೊಡೆಯುತ್ತದೆ, ನಿಧಾನದಲ್ಲೂ ತಿರುಗುತ್ತದೆ, ರಾಡಿ ನೀರಿಗೆ ಒಳ್ಳೆಯದು. ನೀಳವಾದ ವಿಲ್ಲೋ ಎಲೆ ಮೈಗೆ ಅಂಟಿಕೊಂಡು ಸುತ್ತಿ ಹೊಳಪು ಚೆಲ್ಲುತ್ತದೆ, ತಿಳಿನೀರಿನ ವೇಗಕ್ಕೆ ಸರಿ. ಹೊಳಪು ಮೀನಿನ ಕಣ್ಣಿಗೆ. ಹೊಡೆತ ಅದರ ಪಕ್ಕೆಯುದ್ದಕ್ಕೂ ಇರುವ, ನೀರಿನ ನಡುಕ ತಿಳಿಯುವ ಗೆರೆಗೆ. ಗಿರಕಿ ಮರೆತವನ ದಾರ ಅರ್ಧ ಗಂಟೆಯಲ್ಲಿ ತನ್ನಷ್ಟಕ್ಕೆ ಹುರಿಗೊಂಡು ಜಡೆಯಾಗುತ್ತದೆ. ಅದನ್ನು ಬಿಡಿಸುವ ಶಾಸ್ತ್ರ ಬೇರೆ ಇದೆ, ಅದರಲ್ಲಿ ಕತ್ತರಿಯೊಂದೇ ಅಧ್ಯಾಯ.

ನೀಲಗಿರಿಯಲ್ಲಿ ಈ ಯಂತ್ರಕ್ಕೆ ಒಂದು ತೊಡಕು. ಗಾಳ ಎಳೆದುಕೊಂಡು ಮೆಲ್ಲನೆ ಸಾಗುವ ದೋಣಿ ನಮಗಿಲ್ಲ. ಊಟಿ ಕೆರೆಯ ದೋಣಿ ಮಧುಚಂದ್ರದವರಿಗೆ ಮೀಸಲು, ಅದರ ಹಿಂದೆ ದಾರ ಬಿಟ್ಟರೆ ಸಿಕ್ಕುವುದು ಇನ್ನೊಂದು ಮಧುಚಂದ್ರದ ದೋಣಿ. ದಂಡೆಯಲ್ಲೇ ನಿಂತು ಎಸೆದು ದೋಣಿಯ ಕೆಲಸವನ್ನು ರೀಲಿನ ಹಿಡಿಯಿಂದ ಮಾಡಿಸಬೇಕು. ಆದ್ದರಿಂದ ನನ್ನ ತೀರ್ಪು: ಹರಿಯುವ ತೊರೆಯಲ್ಲಿ ತಳಗುಪ್ಪ ವ್ಯರ್ಥ ಭಾರ, ಅಲ್ಲಿ ಬರಿಯ ಸಣ್ಣ ತಿರುಗೆಲೆ ಸಾಕು. ಆಳವಾದ, ಇಳಿಜಾರು ದಂಡೆಯ ಅಣೆಕಟ್ಟಿನ ನೀರಿನಲ್ಲಿ ಅರ್ಧ ಔನ್ಸಿನ ತಳಗುಪ್ಪಕ್ಕೆ ಬೆಲೆಯಿದೆ. ಮೀನಿಗಿಂತ ಮೊದಲು ಅದು ತಳವನ್ನು ಓದಿ ಹೇಳುತ್ತದೆ. ಹಾಗೆ ಓದಿ ಹೇಳುವ ಭಾಷೆಯೇ ಜಗ್ಗು.

ಜಗ್ಗುಗಳಲ್ಲಿ ಮೊದಲನೆಯದು ಶಿಲಾಜನ್ಯ. ಹೊಸಬನ ನೂರರಲ್ಲಿ ತೊಂಬತ್ತು ಜಗ್ಗು ಇದೇ. ‘ಟಕ್’ ಎಂದು ಗಟ್ಟಿಯಾಗಿ, ಒಂದೇ ಸಲ, ಕೋಲಿನ ತುದಿ ತಲೆಯಾಡಿಸಿ ಮತ್ತೆ ನೆಟ್ಟಗಾಗುತ್ತದೆ. ಇದರಲ್ಲಿ ಸ್ಪರ್ಶಶಿಲೆ, ಗ್ರಾಹಶಿಲೆ ಎಂದು ಎರಡು ಒಳಭೇದ. ಸ್ಪರ್ಶಶಿಲೆ ತಟ್ಟಿ ಕಳಿಸುತ್ತದೆ, ಅದು ಶುಭ. ಎರೆ ಸರಿಯಾದ ಆಳದಲ್ಲಿದೆ ಎಂದು ಅರ್ಥ. ಗ್ರಾಹಶಿಲೆ ಹಿಡಿದುಕೊಳ್ಳುತ್ತದೆ. ಹಿಡಿದಾಗ ಹೊಸಬ ಮಾಡುವುದು ಒಂದೇ, ಕೋಲನ್ನು ಬೆನ್ನ ಹಿಂದಕ್ಕೆ ಎಳೆದು ಸೀಳುವುದು. ಆಗ ಕೊಕ್ಕೆ ಬಿರುಕಿಗೆ ಇನ್ನೂ ಆಳವಾಗಿ ಹೂತುಹೋಗುತ್ತದೆ. ಪರಿಹಾರ ಅದರ ವಿಲೋಮ: ದಾರ ಸಡಿಲಿಸಿ, ದಂಡೆಯಲ್ಲಿ ಹತ್ತು ಹೆಜ್ಜೆ ಪಕ್ಕಕ್ಕೆ ನಡೆದು, ಬಂದ ದಿಕ್ಕಿನಿಂದಲೇ ಹಿಂದಕ್ಕೆ ಮೆಲ್ಲನೆ ಮಿಡಿಯಬೇಕು.

ಎರಡನೆಯದು ತೃಣಜನ್ಯ. ಇದು ಹೊಡೆಯುವುದಿಲ್ಲ, ಭಾರವಾಗುತ್ತ ಬರುತ್ತದೆ. ಅದಕ್ಕಿಂತ ಮುಂಚೆ ಇನ್ನೊಂದು ಸೂಕ್ಷ್ಮ ಲಕ್ಷಣವಿದೆ. ಒದ್ದೆ ದಾರವನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾಯಿಸಿ ಹಿಡಿದು ನಿಧಾನವಾಗಿ ಸುತ್ತಿದರೆ, ಎಲೆ ತಿರುಗುತ್ತಿರುವ ತನಕ ಬೆರಳಿನಲ್ಲಿ ಸಣ್ಣಗೆ ಗುಯ್‌ಗುಟ್ಟುವ ನಡುಕವಿರುತ್ತದೆ. ಚಳಿಗೆ ಬೆರಳು ಮರಗಟ್ಟುವ ಮುನ್ನ ಇದನ್ನು ಒಮ್ಮೆ ಕಲಿತವನಿಗೆ ಅರ್ಧ ಶಾಸ್ತ್ರ ಬಂದಂತೆ. ಹುಲ್ಲೆಳೆ ಸುತ್ತಿಕೊಂಡ ಕ್ಷಣ ಆ ನಡುಕ ಸತ್ತುಹೋಗುತ್ತದೆ. ಎಳೆದು ತೆಗೆದು, ಒರೆಸಿ, ಮತ್ತೆ ಎಸೆಯಬೇಕು. ತಿರುಗದ ತಗಡು ನೀರಿನಲ್ಲಿ ಎಷ್ಟು ಹೊತ್ತಿದ್ದರೂ ಅದು ಗುಜರಿ ಅಷ್ಟೆ.

ಮೂರನೆಯದು ಕಾಷ್ಠಜನ್ಯ, ಎಲ್ಲಕ್ಕಿಂತ ಮೋಸದ್ದು. ಮುಳುಗಿದ ಕೊಂಬೆ ಕಲ್ಲಿನಂತೆ ಬಿಗಿಯಾಗಿರದೆ ತುಸು ಬಾಗುತ್ತದೆ, ತುಸು ಬಿಡುತ್ತದೆ, ಮತ್ತೆ ಎಳೆಯುತ್ತದೆ. ಜೀವವಿದ್ದಂತೆ ತೋರುತ್ತದೆ. ಮಬ್ಬಿನಲ್ಲಿ ಮೋಟುಮರವನ್ನು ಕಂಡು ಮನುಷ್ಯನೋ ಮರವೋ ಎಂದು ಸಂಶಯಪಡುವುದು ತರ್ಕಶಾಸ್ತ್ರದವರ ಹಳೆಯ ಉದಾಹರಣೆ. ನೀಲಗಿರಿಯ ಅಣೆಕಟ್ಟಿನ ದಂಡೆಯಲ್ಲಿ ಆ ಮೋಟು ಮೀನಾಗುತ್ತದೆ. ಎಮರಾಲ್ಡ್ ಅಣೆಕಟ್ಟಿನ ನೀರಿನ ಬಳಿ ಹೊಸಬನೊಬ್ಬ ಹೀಗೇ ಕೋಲು ಬಿಲ್ಲಾಗುವಂತೆ ಹಿಡಿದು ‘ದೊಡ್ಡದು, ದೊಡ್ಡದು’ ಎನ್ನುತ್ತಿದ್ದ. ಕ್ಯಾರೆಟ್ ಮೂಟೆ ಹೊತ್ತು ಹಾದುಹೋಗುತ್ತಿದ್ದ ಬಡಗ ಹಿರಿಯರೊಬ್ಬರು ನಿಂತರು. ಅವರು ಕೋಲಿನ ತುದಿ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಹೊಸಬನ ಮೊಣಕೈ ನೋಡಿ ‘ಮರ’ ಎಂದು ಹೇಳಿ ಹೊರಟುಬಿಟ್ಟರು. ಮೀನಾಗಿದ್ದರೆ ಮೊಣಕೈ ಪಕ್ಕಕ್ಕೆ ಹೋಗಬೇಕಿತ್ತು. ಅದು ಮುಂದೆ ಹಿಂದೆ ಮಾತ್ರ ಆಡುತ್ತಿತ್ತು. ಮತ್ಸ್ಯಜನ್ಯದ ಪರಮಲಕ್ಷಣ ಇದಕ್ಕಿಂತ ಚೊಕ್ಕವಾಗಿ ಎಲ್ಲೂ ನಿರೂಪಿತವಾಗಿಲ್ಲ: ಕಲ್ಲಿಗೂ ಮರಕ್ಕೂ ದಿಕ್ಕು ಒಂದೇ, ಮೀನು ದಿಕ್ಕು ಬದಲಿಸುತ್ತದೆ.

ವಾಯುಜನ್ಯ ಮತ್ತು ಮನೋಜನ್ಯವನ್ನು ಒಂದೇ ಉಸಿರಿಗೆ ಮುಗಿಸಬಹುದು. ಮುಂಗಾರಿನ ಗಾಳಿ ದಾರಕ್ಕೆ ಹೊಟ್ಟೆ ಬರಿಸಿ ಎಳೆಯುವುದು ವಾಯುಜನ್ಯ. ಕೋಲಿನ ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಿದರೆ ಹೋಗುತ್ತದೆ. ಮನೋಜನ್ಯಕ್ಕೆ ಔಷಧಿಯಿಲ್ಲ. ಪಕ್ಕದವನಿಗೆ ಮೀನು ಬಿದ್ದ ಹತ್ತು ನಿಮಿಷದೊಳಗೆ ಬರುತ್ತದೆ.

ಮತ್ಸ್ಯಜನ್ಯ ಹಲವು ಬಗೆ. ಟ್ರೌಟಿನದು ‘ಟಿಕ್‌ಟಿಕ್’ ಎಂಬ ಜೋಡಿ ಹೊಡೆತ, ಕೂಡಲೇ ಪಕ್ಕದ ಓಟ, ಒಮ್ಮೊಮ್ಮೆ ನೀರಿನಿಂದ ಮೇಲಕ್ಕೆ ನೆಗೆತ. ಹುಳು ಕಚ್ಚಿದ ಕಾರ್ಪಿನದು ಆತುರವಿಲ್ಲದ, ಕಚೇರಿಯ ಕಡತ ಸರಿದಂಥ ಎಳೆತ. ಕೊನೆಯದು, ಪಂಡಿತರೂ ತಪ್ಪುವ ಬಗೆ, ಅಭಾವಜನ್ಯ. ಎರೆ ಕಚ್ಚಿದ ಮೀನು ನಮ್ಮ ಕಡೆಗೇ ಈಜಿ ಬಂದರೆ ಜಗ್ಗೇ ಇರುವುದಿಲ್ಲ. ದಾರ ಸಡಿಲವಾಗುತ್ತದೆ, ಬೆರಳಿನ ನಡುಕ ನಿಲ್ಲುತ್ತದೆ. ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಒಪ್ಪಿಕೊಂಡದ್ದು ಇದಕ್ಕೇ ಇರಬೇಕು. ಹುಲ್ಲು ಸುತ್ತಿದಾಗಲೂ ನಡುಕ ನಿಲ್ಲುತ್ತದಲ್ಲ ಎಂದು ಕೇಳುವ ಜಾಣನಿಗೆ ಉತ್ತರ: ಹುಲ್ಲಿನಲ್ಲಿ ನಡುಕ ಹೋಗಿ ಭಾರ ಬರುತ್ತದೆ, ಇಲ್ಲಿ ನಡುಕವೂ ಹೋಗಿ ಭಾರವೂ ಹೋಗುತ್ತದೆ. ಆಗ ಸರಸರ ರೀಲು ಸುತ್ತಬೇಕು.

ಪೂರ್ವಪಕ್ಷ: ಯಾವ ಜಗ್ಗಾದರೇನು, ಎಲ್ಲಕ್ಕೂ ಎಳೆದುಬಿಟ್ಟರೆ ಮೀನಿದ್ದಾಗ ಬಂದೇ ಬರುತ್ತದಲ್ಲ? ಸಿದ್ಧಾಂತ: ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ತಗಡುಗಳೆಲ್ಲ ಕಲ್ಲಿನ ಪಾಲಾಗಿರುತ್ತವೆ. ಫ್ರಾನ್ಸಿನ ಮೆಪ್ಸ್ ತಿರುಗೆಲೆ 1938ರಿಂದ ಬಂದ ಹೆಸರಾಂತ ಸರಕು. ಅದನ್ನು ನೀಲಗಿರಿಯ ಬಂಡೆಗೆ ಕಾಣಿಕೆ ಹಾಕುವ ಶಕ್ತಿ ಇದ್ದವರು ಹಾಕಲಿ.

ಉಳಿದದ್ದು ನಿಷಿದ್ಧ ಪ್ರಕರಣ. ಪೈಕಾರ ಹೊಳೆಯೇ ಘಟ್ಟ ಇಳಿದು ಮಸಿನಗುಡಿಯ ಮಗ್ಗುಲಲ್ಲಿ ಮೊಯಾರ್ ಆಗುತ್ತದೆ, ಮುಂದೆ ಭವಾನಿ ಸೇರಿ ಕಾವೇರಿಯ ಪಾಲಾಗುತ್ತದೆ. ಮೇಲೆ ಪರದೇಶಿ ಟ್ರೌಟ್ ಇರುವ ನೀರಿನಲ್ಲೇ ಕೆಳಗೆ ನಮ್ಮ ನಾಡಿನ ಬಿಳಿಮೀನು, ಬೆನ್ನುಗೂನಿನ ಮಹಸೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದು ಇಂದಿಗೂ ದಾಖಲೆ. ಕಾವೇರಿ ಸೀಮೆಯಲ್ಲಿ ಬಿಳಿಮೀನಿಗೆ ಹಾಕುತ್ತಿದ್ದ ಎರೆ ರಾಗಿಮುದ್ದೆ. ತಗಡಿನ ಥಳಕಿಗೆ ಮರುಳಾಗದೆ ಮುದ್ದೆಗೆ ಮರುಳಾದ ಮೀನು ಕನ್ನಡದ್ದಲ್ಲದೆ ಇನ್ನೇನು? ಇಷ್ಟು ಹೆಸರು ಮಾಡಿದ ಮೀನಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ: ಟಾರ್ ರೇಮಾದೇವಿಯೈ. ಅದೇ ವರ್ಷ ಅದು ಅಳಿವಿನ ಅಂಚಿನ ಅತ್ಯಂತ ಗಂಭೀರ ಪಟ್ಟಿಗೂ ಸೇರಿತು. ಅದು ಇನ್ನೂ ಉಳಿದಿರುವ ಕೆಲವೇ ನೀರುಗಳಲ್ಲಿ ಮೊಯಾರ್ ಒಂದು. ಆ ಮೊಯಾರ್ ಹಾಯುವ ಮುದುಮಲೆ 2007ರಿಂದ ಹುಲಿ ಮೀಸಲು, ಮೇಲಿನ ಮುಕುರ್ತಿ ರಾಷ್ಟ್ರೀಯ ಉದ್ಯಾನ. ಅಲ್ಲಿ ಜಗ್ಗಿನ ವರ್ಗೀಕರಣಕ್ಕೆ ಅವಕಾಶವಿಲ್ಲ. ಎಸೆದವನಿಗೆ ಸಿಗುವುದು ಅರಣ್ಯಜನ್ಯ ಜಗ್ಗು, ಅದು ಕೊರಳಪಟ್ಟಿಗೆ. ಆದ್ದರಿಂದ ಗೂಡಲೂರಿನಿಂದ ಹತ್ತುವವರಾಗಲಿ, ಮಸಿನಗುಡಿಯ ಮೂವತ್ತಾರು ತಿರುವು ಹತ್ತುವವರಾಗಲಿ, ಊಟಿ ಮುಟ್ಟುವ ತನಕ ಕೋಲನ್ನು ಚೀಲದಿಂದ ತೆಗೆಯಬೇಡಿ. ಮುಟ್ಟಿದ ಮೇಲೆ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ಯಾವ ನೀರಿಗೆ ಪರವಾನಗಿ ಕೊಡುತ್ತಾರೆಂದು ಕೇಳಿ, ಚೀಟಿ ಬರೆಸಿಕೊಂಡು, ಆಮೇಲೆ ಎಸೆಯಿರಿ.