ಜಗಲಿಯ ಫಾಂಟುಗಳು

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಮುದ್ರಣಾಲಯದ ಯಜಮಾನನಿಗೆ ಅಕ್ಷರವ್ಯಾಮೋಹವೆಂಬ ವ್ಯಾಧಿ ತಗುಲುವ ಸಂಭವ ಕಡಮೆಯಾಗಿತ್ತು. ಹೊಸ ಮಾದರಿಯ ಮೊಳೆಗಳನ್ನು ತರಿಸಬೇಕಾದರೆ ಹಣವೂ, ಅವನ್ನಿಡಲು ಮರದ ಖಾನೆಗಳೂ, ಆ ಭಾರವನ್ನು ತಾಳಬಲ್ಲ ನೆಲವೂ ಬೇಕಾಗುತ್ತಿದ್ದುವು. ಈಗಲಾದರೋ ಸಹಸ್ರ ಫಾಂಟುಗಳು ತೂಕವಿಲ್ಲದೆ ಜೇಬಿನಲ್ಲಿ ಬಂದುಬಿಡುತ್ತವೆ. ನಿವೃತ್ತರಾದಂದಿನಿಂದ ಬಂಧುಬಳಗದ ಲಗ್ನಪತ್ರಿಕೆಗಳನ್ನೆಲ್ಲ ಕೋರಲ್‌ಡ್ರಾದಲ್ಲಿ ತಾವೇ ರಚಿಸಿಕೊಡುವ ವ್ರತವನ್ನು ಕೈಗೊಂಡಿರುವ ನಮ್ಮ ಭಾವನವರು, ಸಿಕ್ಕಸಿಕ್ಕ ಫಾಂಟನ್ನೆಲ್ಲ ಯಂತ್ರಕ್ಕೆ ಇನ್‌ಸ್ಟಾಲ್ ಮಾಡುತ್ತ ಹೋಗಿ, ಕಡೆಗೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಉರುಳಿಸಿ ಬೇಕಾದುದನ್ನು ಮುಟ್ಟುವಷ್ಟರಲ್ಲಿ ವರನ ಹೆಸರೇ ಮರೆತುಹೋಗುವ ಸ್ಥಿತಿಗೆ ತಲಪಿದ್ದರು.

ಅವರನ್ನು ಉದ್ಧರಿಸಿದುದು ಕೋರಲ್ ಫಾಂಟ್ ಮ್ಯಾನೇಜರ್. 2016ರ ಎಕ್ಸ್8 ಆವೃತ್ತಿಯೊಡನೆ, ಅದುವರೆಗಿದ್ದ ಬಿಟ್‌ಸ್ಟ್ರೀಮ್ ಫಾಂಟ್ ನ್ಯಾವಿಗೇಟರನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದ ಈ ಮಹಾಶಯನಿಗೆ ಒಂದು ಫೋಲ್ಡರನ್ನು ತೋರಿಸಿಕೊಟ್ಟರೆ ಸಾಕು, ಅದರೊಳಗಿನ ಫಾಂಟುಗಳು ಇನ್‌ಸ್ಟಾಲ್ ಆಗದೆಯೇ ಕೋರಲ್‌ಡ್ರಾದ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ದಾರಿಹೋಕರು ನಡುಮನೆಗೆ ಕಾಲಿಡದೆ ಜಗಲಿಯಲ್ಲೇ ಉಂಡು ಮಲಗಿ ಬೆಳಗಾಗೆದ್ದು ಹೊರಟುಹೋಗುತ್ತಿದ್ದರಲ್ಲ, ಇವುಗಳದೂ ಅದೇ ಮರ್ಯಾದೆ. ಪಕ್ಕದಲ್ಲೇ ತೆರೆದಿರುವ ವರ್ಡ್‌ಗೆ ಇವುಗಳ ಸುಳಿವೇ ತಿಳಿಯದು. ಇನ್‌ಡಿಸೈನಿನ ಪದ್ಧತಿ ಇನ್ನೂ ಮಡಿವಂತಿಕೆಯದು: ಕಡತದ ಮಗ್ಗುಲಲ್ಲಿ ‘ಡಾಕ್ಯುಮೆಂಟ್ ಫಾಂಟ್ಸ್’ ಎಂಬ ಫೋಲ್ಡರಿನಲ್ಲಿಟ್ಟ ಫಾಂಟನ್ನು ಬೇರೆಡೆಯ ಕಡತಗಳು ಮುಟ್ಟುವಂತಿಲ್ಲ. ನನಗೇನೋ ಇದೇ ಮೆಚ್ಚು.

ತೊಡಕು ಹುಟ್ಟುವುದು ಪತ್ರಿಕೆ ಮನೆ ಬಿಟ್ಟು ಪ್ರೆಸ್ಸಿಗೆ ಹೊರಟಾಗ. ಅಲ್ಲಿಯ ಯಂತ್ರಕ್ಕೆ ನಮ್ಮ ಜಗಲಿಯ ಪರಿಚಯವೆಲ್ಲಿಂದ ಬರಬೇಕು? ಇಂಗ್ಲಿಷ್ ಬರೆಹವಾದರೆ ಏರಿಯಲ್ಲೋ ಮತ್ತೊಂದೋ ಬದಲಿಗೆ ನಿಂತು, ಅಂದಗೆಟ್ಟರೂ ಅರ್ಥವುಳಿಯುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನಿವೇಶನವಿರುವುದರಿಂದ ಅಲ್ಲಿಯೂ ಇನ್ನೊಂದು ಕನ್ನಡ ಫಾಂಟು ಕೈಹಿಡಿದೀತು. ಆದರೆ ನಮ್ಮ ಡಿಟಿಪಿ ಲೋಕ ಇಂದಿಗೂ ಕೈಬಿಡದ ಹಳೆಯ ನುಡಿ ಮೊದಲಾದ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಕುಳಿತಿರುವುದು ರೋಮನ್ ಲಿಪಿಯ ಪೀಠಗಳ ಮೇಲೆ. ಫಾಂಟು ತಪ್ಪಿದೊಡನೆ ಪೀಠದ ಮೂಲ ಒಡೆಯರು ಎದ್ದು ನಿಲ್ಲುತ್ತಾರೆ, ‘ಕ’ ಇದ್ದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ ಬಂದು ವಕ್ಕರಿಸುತ್ತದೆ. ಭಾವನವರ ಪತ್ರಿಕೆಯೊಂದರಲ್ಲಿ ವಧುವಿನ ಹೆಸರು ಪ್ರೆಸ್ಸಿನಲ್ಲಿಯೂ ಇದ್ದ ಫಾಂಟಿನಲ್ಲಿದ್ದುದರಿಂದ ಅಚ್ಚಗನ್ನಡದಲ್ಲಿಯೇ ಉಳಿದು, ಚಿ॥ರಾ॥ ವರನು ಮಾತ್ರ ಚುಕ್ಕೆ ಗೀಟುಗಳ ಬಾಸಿಂಗ ಕಟ್ಟಿಕೊಂಡು ಯುರೋಪಿನ ಯಾವುದೋ ಅಜ್ಞಾತ ಭಾಷೆಯಲ್ಲಿ ಪ್ರತ್ಯಕ್ಷನಾದನು.

“ಫಾಂಟ್ ಮಿಸ್ಸಿಂಗ್ ಬರ್ತಿದೆ ಸಾರ್, ಕರ್ವ್ ಮಾಡಿ ಕಳಿಸಿ” ಎಂದು ಪ್ರೆಸ್ಸಿನ ಹುಡುಗ ಫೋನು ಮಾಡಿದ. ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರವು ತನ್ನ ಅಕ್ಷರತ್ವವನ್ನು ತ್ಯಜಿಸಿ ಕೇವಲ ರೇಖಾಕೃತಿಯಾಗುತ್ತದೆ. ಅನಂತರ ಅದಕ್ಕೆ ಫಾಂಟಿನ ಹಂಗಿಲ್ಲ, ನಮಗೆ ತಿದ್ದುವ ಹಕ್ಕಿಲ್ಲ. ಭಾವನವರು ಒತ್ತಿ, ಕಳುಹಿಸಿ, ನಿಶ್ಚಿಂತರಾಗಿ ಊರಿಗೆ ಹೊರಟುಹೋದ ಮೇಲೆ, ‘ಸುಖಾಗಮನ ಬಯಸುವವರು’ ಎಂಬಲ್ಲಿ ವರನ ದೊಡ್ಡ ಸೋದರಮಾವನ ಹೆಸರು ಬಿಟ್ಟುಹೋಗಿರುವುದು ಅಜ್ಜಿಯ ಗಮನಕ್ಕೆ ಬಂತು. ಹುಡುಗನು ತನ್ನಲ್ಲಿದ್ದ ಫಾಂಟುಗಳಲ್ಲಿ ಕಣ್ಣಿಗೆ ಬಿದ್ದ ದಪ್ಪನೆಯದೊಂದನ್ನು ಹಿಡಿದು ಆ ಹೆಸರನ್ನು ತುರುಕಿದನು. ಬಂಧುಗಳ ಬಳುಕುವ ತೆಳ್ಳನೆಯ ಅಕ್ಷರಗಳ ನಡುವೆ ತಾವೊಬ್ಬರೇ ಗಟ್ಟಿಮುಟ್ಟಾಗಿ ನಿಂತಿರುವುದನ್ನು ಕಂಡ ಸೋದರಮಾವನವರು ಅದನ್ನು ತಮಗೆ ಸಲ್ಲಿಸಿದ ವಿಶೇಷ ಗೌರವವೆಂದೇ ಭಾವಿಸಿ, ಮುಯ್ಯಿಯನ್ನು ಎರಡರಷ್ಟು ಓದಿಸಿದರು.