ಪದ್ಮಿನೀಪತಿ

ಹಳೆಯ ಕಾರೊಂದನ್ನು ಮನೆಯ ಪೋರ್ಟಿಕೋದಲ್ಲೇ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಹೊಸದರಂತೆ ಮಾಡುತ್ತೇನೆಂದು ಹೊರಟ ಗೃಹಸ್ಥನೇ ಪದ್ಮಿನೀಪತಿ. ಬೆಂಗಳೂರಿನ ಜಯನಗರ, ರಾಜಾಜಿನಗರ, ವಿಜಯನಗರಗಳ ಮೂವತ್ತು-ನಲವತ್ತರ ಸೈಟುಗಳಲ್ಲಿ ಈತ ಹೇರಳ. ಮೈಸೂರು, ಹುಬ್ಬಳ್ಳಿಗಳಲ್ಲೂ ಇಲ್ಲದಿಲ್ಲ. ವಯಸ್ಸು ಐವತ್ತರ ಆಚೀಚೆ. ಸ್ವಯಂ ನಿವೃತ್ತಿಯ ಹಣ ಕೈಸೇರಿದ ವರ್ಷ ಅಥವಾ ಮಗ ಅಮೆರಿಕದ ವಿಮಾನ ಹತ್ತಿದ ವರ್ಷ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕಾರು ಸಾಮಾನ್ಯವಾಗಿ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ: ಇಟಲಿಯ ಫಿಯಟ್ 1100ರ ವಂಶ, ಮುಂಬಯಿಯ ಕುರ್ಲಾದಲ್ಲಿ ಜನನ, 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಅದರ ಕವರಿನ ಮೇಲೆ ಬೇಸಿಗೆಯಲ್ಲಿ ಸಂಡಿಗೆ ಒಣಗುತ್ತದೆ.

ಈತನ ಆಸಕ್ತಿ ಕಾರಿನ ಮೇಲೆ ಎಂಬುದು ತಪ್ಪು ಗ್ರಹಿಕೆ. ಆಸಕ್ತಿಯೆಲ್ಲ ಟೂಲ್ಸ್ ಮೇಲೆ. ಎರಡು ಸ್ಕ್ರೂಡ್ರೈವರ್ ತರುತ್ತೇನೆಂದು ಎಸ್.ಪಿ. ರಸ್ತೆಗೆ ಹೋದವನು ಸಂಜೆ ಆಟೋದಿಂದ ಇಬ್ಬರು ಹಿಡಿದು ಇಳಿಸುವಂಥ ಪೆಟ್ಟಿಗೆಯೊಡನೆ ಮರಳುತ್ತಾನೆ. ಅದು ನೂರೆಂಟು ಸಾಮಾನಿನ ಸಾಕೆಟ್ ಸೆಟ್. ಅಷ್ಟೋತ್ತರಕ್ಕೆ ಹೊಂದುವ ಸಂಖ್ಯೆ ಎನ್ನುವುದನ್ನು ಬಿಟ್ಟರೆ ನೂರೆಂಟೇ ಏಕೆ ಬೇಕು ಎನ್ನುವುದಕ್ಕೆ ಅವನಲ್ಲಿ ಬೇರೆ ಕಾರಣವಿರುವುದಿಲ್ಲ. ಹೆಂಡತಿ, “ರೀ, ಹೋದ ತಿಂಗಳು ತಂದಿದ್ದು ಏನಾಯ್ತು?” ಎಂದು ಕೇಳಿದರೆ ಅದು ಕಾಲಿಂಚಿನದು, ಇದು ಅರ್ಧ ಇಂಚಿನದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸರಿಯೇ. ಸಾಕೆಟ್ ತಿರುಗಿಸುವ ಹಿಡಿಯ ಚೌಕದ ಅಳತೆ ಅದು. ಕಾಲಿಂಚಿನದು ಸಣ್ಣ ಸ್ಕ್ರೂಗಳಿಗೆ, ಅರ್ಧ ಇಂಚಿನದು ಚಕ್ರ, ಸಸ್ಪೆನ್ಷನ್‌ಗಳಿಗೆ. ಎರಡೂ ಪೆಟ್ಟಿಗೆ ಇನ್ನೂ ತೆರೆದಿಲ್ಲ ಎಂಬುದಷ್ಟೇ ಉಳಿದ ವಿಷಯ.

ಸ್ಪ್ಯಾನರ್ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ನಮ್ಮ ಹಳೆಯ ಕಾರುಗಳಲ್ಲಿ ಎರಡು ಗೋತ್ರ. ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಕಡೆಯದು, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಅದೇ ನಾಡಿನದು. ಅವುಗಳ ಬೋಲ್ಟುಗಳು ಇಂಚಿನ ಲೆಕ್ಕದವು. ಪದ್ಮಿನಿ ಇಟಲಿಯವಳು, ಮಿಲಿಮೀಟರಿನವಳು. ಪದ್ಮಿನೀಪತಿ ಈ ಗೋತ್ರ ವಿಚಾರಿಸುವುದಿಲ್ಲ. ಹಳೇ ಕಾರು, ಹಳೇ ಅಳತೆ ಎಂದು ಇಂಚಿನ ಸೆಟ್ಟನ್ನೇ ಕೊಳ್ಳುತ್ತಾನೆ. ಅರ್ಧ ಇಂಚಿನ ಸ್ಪ್ಯಾನರ್ ಎಂದರೆ 12.7 ಮಿ.ಮೀ.; 13 ಮಿ.ಮೀ. ತಲೆಯ ಬೋಲ್ಟಿಗೆ ಅದು ಕೂರುವುದಿಲ್ಲ. ಮುಂದಿನದು 9/16, ಅಂದರೆ 14.29 ಮಿ.ಮೀ. ಅದು ಸಲೀಸಾಗಿ ಕೂರುತ್ತದೆ. ಅವನಿಗೆ ಸಂತೋಷವಾಗುತ್ತದೆ. ಎರಡೂ ಕಾಲು ಗೋಡೆಗೆ ಒತ್ತುಕೊಟ್ಟು ಎಳೆಯುತ್ತಾನೆ. ಒಂದು ಮಿಲಿಮೀಟರಿಗೂ ಮಿಕ್ಕ ಆ ಸಡಿಲದಲ್ಲಿ ಸ್ಪ್ಯಾನರ್ ಜಾರಿ, ಆರು ಮೂಲೆಯ ತಲೆ ಕಣ್ಣೆದುರೇ ದುಂಡಗಾಗುತ್ತದೆ. ಬೆರಳ ಗೆಣ್ಣು ಮಡ್‌ಗಾರ್ಡಿಗೆ ಹೋಗಿ ಬಡಿಯುತ್ತದೆ. ಬೋಲ್ಟು ಮಾತ್ರ ಇದ್ದಲ್ಲೇ ಇರುತ್ತದೆ.

ಇದರ ಹಿಂದಿನ ಶಾಸ್ತ್ರ ಸರಳ. ಬಾಯಿ ತೆರೆದ ಸ್ಪ್ಯಾನರ್ ಬೋಲ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಸುತ್ತಲೂ ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಉತ್ತಮ, ಹನ್ನೆರಡು ಮೂಲೆಯದು ಜಾರುವ ಸಂಭವ ಹೆಚ್ಚು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸುಮ್ಮನಿರುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಆದರೆ ಸುಮ್ಮನಿರುವುದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲವಾದ್ದರಿಂದ ಪದ್ಮಿನೀಪತಿಗೆ ಅದು ಹಿಡಿಸುವುದಿಲ್ಲ. ವಿಟ್‌ವರ್ತ್ ಎಂಬ ಮೂರನೆಯ ಅಳತೆಯೂ ಉಂಟು. ಬಹಳ ಹಳೆಯ ಬ್ರಿಟಿಷ್ ಕಾರುಗಳಿಗೆ ಬೇಕಾಗುವ ಆ ಸ್ಪ್ಯಾನರಿನ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ತಲೆಯ ಅಗಲವಲ್ಲ. ಪದ್ಮಿನಿಗೂ ಅದಕ್ಕೂ ಸಂಬಂಧವೇ ಇಲ್ಲ. ಭಾನುವಾರದ ಸಂತೆಯಲ್ಲಿ ಕಂಡರೆ ಅದನ್ನೂ ಕೊಳ್ಳುತ್ತಾನೆ. “ಇರಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ.”

ಟಾರ್ಕ್ ರೆಂಚ್ ಈತನ ಅತ್ಯಂತ ಪ್ರೀತಿಯ ಆಸ್ತಿ. ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಗೊತ್ತಾದ ಬಿಗಿಗೆ ತರಲು ಇದು ಬೇಕೇ ಬೇಕು. ಅಂದಾಜಿನಲ್ಲಿ ಬಿಗಿ ಮಾಡಿದರೆ ಗ್ಯಾಸ್ಕೆಟ್ ಹೋಗುತ್ತದೆ. ಟಿಕ್ ಎನ್ನುವ ಬಗೆಯ ರೆಂಚಿನ ಸ್ಪ್ರಿಂಗ್ ಕೆಡದಂತೆ ಅದನ್ನು ಕನಿಷ್ಠ ಅಂಕಿಗೆ ಇಳಿಸಿ ಎತ್ತಿಡಬೇಕೆಂಬ ನಿಯಮವಿದೆ. ಕೊಂಡ ದಿನದಿಂದ ಅದು ಕನಿಷ್ಠ ಅಂಕಿಯಲ್ಲೇ ಇರುವುದರಿಂದ ಸ್ಪ್ರಿಂಗ್ ಅತ್ಯುತ್ತಮ ಸ್ಥಿತಿಯಲ್ಲಿದೆ.

ಕಂಪ್ರೆಸರ್ ಮತ್ತು ವೆಲ್ಡಿಂಗ್ ಮೆಷಿನ್ನುಗಳನ್ನು ಬೇಗ ಮುಗಿಸಬಹುದು. ಮನೆಬಳಕೆಯ ಸಣ್ಣ ಟ್ಯಾಂಕಿನ ಕಂಪ್ರೆಸರ್, ಬಣ್ಣ ಹೊಡೆಯುವ ಗನ್ನು ಕೇಳುವಷ್ಟು ಗಾಳಿ ಕೊಡಲಾರದೆ ಬಾಗಿಲೊಂದಕ್ಕೇ ಏದುಸಿರು ಬಿಡುತ್ತದೆ. ಆಮೇಲೆ ಬೀದಿಯ ಹುಡುಗರ ಸೈಕಲ್ಲಿಗೆ ಪುಕ್ಕಟೆ ಗಾಳಿ ತುಂಬಲು ಉಳಿಯುತ್ತದೆ. ವೆಲ್ಡಿಂಗ್ ಶುರುವಾದರೆ ದೀಪ ಮಂಕಾಗುತ್ತದೆ, ಮೇಲಿನ ಮನೆಯವರ ಧಾರಾವಾಹಿ ನಿಲ್ಲುತ್ತದೆ, ಅವರು ಇಳಿದು ಬರುತ್ತಾರೆ. ತಗಡು ತಟ್ಟಿ ಬೆಸೆಯುವ ಟಿಂಕರಿಂಗ್ ಕೈಪಳಗಿದವರಿಗೆ ಬಿಟ್ಟ ಕೆಲಸ.

ಈತ ಕೊಳ್ಳಲು ಮರೆಯುವುದು ಒಂದನ್ನೇ, ಜಾಕ್ ಸ್ಟ್ಯಾಂಡ್. ಹೈಡ್ರಾಲಿಕ್ ಜಾಕಿ ಕಾರನ್ನು ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ. ಒಳಗಿನ ಸೀಲ್ ಸೋತರೆ ಹೇಳದೆ ಕೇಳದೆ ಕುಸಿಯುತ್ತದೆ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಡದೆ ಕಾರಿನ ಕೆಳಗೆ ತಲೆ ಹಾಕಬಾರದು, ಇಟ್ಟಿಗೆ ಜೋಡಿಸಿಯಂತೂ ಕೂಡದು. ಗ್ರೈಂಡರಿಗೆ ಕನ್ನಡಕವೂ ಅಷ್ಟೇ ಕಡ್ಡಾಯ. ಇಡೀ ಪ್ರಕರಣದಲ್ಲಿ ನಗುವಂಥದ್ದಲ್ಲದ ಸಾಮಾನುಗಳು ಇವೆರಡೇ.

ಕೊನೆಗೆ ಶಿವಾಜಿನಗರದ ಕಡೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬ ಬರುತ್ತಾನೆ. ಅವನ ರೆಕ್ಸಿನ್ ಚೀಲದಲ್ಲಿ ಮಿಲಿಮೀಟರಿನ ರಿಂಗ್ ಸ್ಪ್ಯಾನರುಗಳು, ಪ್ಲಗ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಉದ್ದನೆಯ ಸ್ಕ್ರೂಡ್ರೈವರ್, ಸುತ್ತಿಗೆ, ಪಾಯಿಂಟ್ ಗ್ಯಾಪ್ ನೋಡುವ ಫೀಲರ್ ಗೇಜ್, ಒಂದು ಬನಿಯನ್ ಚೂರು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಸೊಗಸನ್ನೆಲ್ಲ ಕಣ್ತುಂಬ ನೋಡಿ, “ಚೆನ್ನಾಗಿದೆ ಸಾರ್” ಎಂದು ತನ್ನ ಚೀಲಕ್ಕೇ ಕೈಹಾಕುತ್ತಾನೆ. ಕೆಲಸ ಶುರುಮಾಡುವವರಿಗೆ ಆ ಚೀಲದಲ್ಲಿರುವಷ್ಟು ಸಾಕು. ಉಳಿದದ್ದನ್ನು ಕಾರೇ ಒಂದೊಂದಾಗಿ ಕೇಳುತ್ತದೆ.

ಟೂಲ್ಸ್ ಎಲ್ಲವೂ ಹೊರಗೆ ಬರುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಸಾಲಾಗಿ ಜೋಡಿಸಿ, ಕುಂಕುಮವಿಟ್ಟು, ಕಾರಿಗೆ ಕುಂಬಳಕಾಯಿ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಡಲಾಗುತ್ತದೆ. ಹಣ್ಣು ಹಿಸುಕಲು ಅಕ್ಕಪಕ್ಕದವರು ಕಾರನ್ನು ತಳ್ಳುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. 1978ರ ಪದ್ಮಿನಿಗೆ ಆ ಯೋಗ 2028ಕ್ಕೆ. ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಈ ಷರತ್ತನ್ನು ಪದ್ಮಿನೀಪತಿ ಈಗಿನಿಂದಲೇ ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ.