ಸದರಿ ಅವಧಿಯಲ್ಲಿ

2000ನೇ ಇಸವಿಯ ಒಂದು ಮಧ್ಯಾಹ್ನ. ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗನೊಬ್ಬ ಕ್ಲಾಸಿಗೆ ಚಕ್ಕರ್ ಹಾಕಿ, ದಾವಣಗೆರೆಯ ಕೋರ್ಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದ ಟೈಪಿಸ್ಟರ ಮುಂದೆ ಹೋಗಿ ನಿಂತ. ಅವನ ಹೆಸರು ಇಲ್ಲಿ ಬೇಡ. ಅವನಿಗೂ ಈ ಪ್ರಬಂಧ ಬರೆಯುತ್ತಿರುವವನಿಗೂ ಒಂದೇ ರೇಷನ್ ಕಾರ್ಡು ಎಂದರೆ ಸಾಕು.

ಅವನಿಗೆ ಕಾಲೇಜಿನಿಂದ ಒಂದು ವರ್ಷ ಬಿಡುವು ಬೇಕಾಗಿತ್ತು. ಜ್ವರವಿಲ್ಲ, ಜಗಳವಿಲ್ಲ. ಪ್ರೇಮಭಂಗದ ಮಾತೇ ಬೇಡ. ಮೆಕ್ಯಾನಿಕಲ್ ವಿಭಾಗದ ಅರವತ್ತು ಜನರಲ್ಲಿ ಇಬ್ಬರೇ ಹುಡುಗಿಯರು, ಭಂಗಕ್ಕೂ ಕ್ಯೂ ನಿಲ್ಲಬೇಕಾಗಿತ್ತು. ತಾನು ಇಂಜಿನಿಯರ್ ಆಗಬೇಕೋ ಬೇಡವೋ ಎಂದು ಒಂದು ವರ್ಷ ಸುಮ್ಮನೆ ಕೂತು ಯೋಚಿಸಬೇಕೆಂದು ಅವನಿಗೆ ಅನ್ನಿಸಿತ್ತು, ಅಷ್ಟೆ. ಎರಡು ವರ್ಷದ ಫೀಸು ಕಟ್ಟಿದ ಮೇಲೆ ಹುಟ್ಟಬಾರದ ಪ್ರಶ್ನೆ, ನಿಜ. ಸಿಇಟಿಗೆ ಮುಂಚೆಯೇ ಹುಟ್ಟಬೇಕಿತ್ತು. ಆದರೆ ಸಿಇಟಿಗೆ ಮುಂಚೆ ನಮ್ಮ ಮಕ್ಕಳಿಗೆ ನಾಲ್ಕು ಆಯ್ಕೆಗಳಿರುವ ಪ್ರಶ್ನೆಗಳು ಮಾತ್ರ ಹುಟ್ಟುತ್ತವೆ.

ಮನೆಯಲ್ಲಿ ವಿಷಯ ಎತ್ತುವ ಮೊದಲು ಅವನು ಚೆನ್ನಾಗಿಯೇ ತಯಾರಿ ಮಾಡಿಕೊಂಡಿದ್ದ. ಪರೀಕ್ಷೆಗೆ ಅದರಲ್ಲಿ ಅರ್ಧ ಮಾಡಿದ್ದರೆ ಗಣಿತದ ಎಂ-3 ಬಾಕಿ ಉಳಿಯುತ್ತಿರಲಿಲ್ಲ. ಓದು ನಡುವೆ ಬಿಟ್ಟ ದೊಡ್ಡವರನ್ನು ಹುಡುಕಿ ಹುಡುಕಿ ಮೂವರನ್ನು ಗೊತ್ತು ಮಾಡಿಕೊಂಡ. ಒಬ್ಬರು ಎಚ್. ನರಸಿಂಹಯ್ಯ. 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್ ಓದುತ್ತಿದ್ದವರು ಕ್ವಿಟ್ ಇಂಡಿಯಾ ಎಂದು ಹೊರಟು ಜೈಲು ಸೇರಿದರು. ಆಮೇಲೆ ಬಂದು ಓದು ಮುಗಿಸಿದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೇ ಆದರು. ಎರಡನೆಯವರು ಶಿವರಾಮ ಕಾರಂತ. ಗಾಂಧಿಯ ಕರೆಗೆ ಕಾಲೇಜು ಬಿಟ್ಟವರು ಮರಳಿ ಅತ್ತ ಹೋಗಲೇ ಇಲ್ಲ. ಡಾಕ್ಟರೇಟುಗಳೇ ಅವರನ್ನು ಹುಡುಕಿಕೊಂಡು ಬಂದವು. ಮೂರನೆಯವರು ಅಜೀಂ ಪ್ರೇಮ್‌ಜಿ. 1966ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಬಂದರು. ಪದವಿ ಮುಗಿಸಿದ್ದು ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಅವರ ಎಣ್ಣೆ ಕಂಪನಿ ಕಂಪ್ಯೂಟರ್ ಕಂಪನಿಯಾಗಿತ್ತು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಯಾವ ಅರ್ಜಿಯನ್ನೂ ಕೊನೆತನಕ ಓದದೆ ವಾಪಸ್ ಕಳಿಸುವವರಲ್ಲ. ಮೂರೂ ಉದಾಹರಣೆ ಮುಗಿಯುವವರೆಗೆ ಕಾದು, ಕನ್ನಡಕ ತೆಗೆದಿಟ್ಟು ಒಂದೊಂದಾಗಿ ವಿಲೇವಾರಿ ಮಾಡಿದರು.

“ನರಸಿಂಹಯ್ಯನೋರು ಜೈಲಿಗೆ ಹೋಗಿದ್ರು. ನೀನೂ ಹೋಗು. ವಾಪಸ್ ಬಂದ್ಮೇಲೆ ಕಾಲೇಜಿನ ವಿಚಾರ ಮಾತಾಡೋಣ.”

“ಕಾರಂತರು...”

“ಕರೆದಿದ್ದು ಗಾಂಧಿ. ನಿನ್ನನ್ನ ಯಾರು ಕರೆದ್ರು?”

“ಪ್ರೇಮ್‌ಜಿ?”

“ಅವರು ಓದು ಬಿಟ್ಟು ಬಂದಿದ್ದು ಅವರಪ್ಪ ತೀರ್ಕೊಂಡ್ರು ಅಂತ. ಈಗ ನೀನು ನನಗೆ ಏನ್ ಹೇಳ್ತಾ ಇದೀಯ, ಸ್ವಲ್ಪ ನಿಧಾನವಾಗಿ ಯೋಚ್ನೆ ಮಾಡಿ ಹೇಳು.”

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪನ ಬತ್ತಳಿಕೆಯಲ್ಲಿ ಇನ್ನೂ ಒಂದು ಬಾಣವಿತ್ತು. ಅನಿಲ್ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. “ಆ ಹುಡುಗನೂ ಇದೇ ಮೆಕ್ಯಾನಿಕಲ್ ಓದಿದ್ದು, ಆರ್.ವಿ. ಕಾಲೇಜಲ್ಲಿ. 1990ರಲ್ಲಿ ಓದ್ತಾ ಇದ್ದಾಗ್ಲೇ ಮ್ಯಾಂಚೆಸ್ಟರಿಗೆ ಹೋಗಿ ಟೆಸ್ಟ್ ಮ್ಯಾಚ್ ಆಡಿ ಬಂದು ಡಿಗ್ರಿ ಮುಗಿಸಿದ. ಒಂದು ವರ್ಷ ರಜ ಬೇಕು ಅಂದ್ನಾ? ನೀನೇನು ಬೌಲಿಂಗ್ ಹಾಕ್ತೀಯ?” ಹುಡುಗ ಬ್ಯಾಟಿಂಗೂ ಮಾಡುತ್ತಿರಲಿಲ್ಲ. ಅಮ್ಮನಿಗೆ ಇದು ಊಟದ ಸಮಸ್ಯೆಯಾಗಿ ಕಂಡಿತು. ಹಾಸ್ಟೆಲಿಗೆ ಹೊರಡುವಾಗ ಎರಡು ಡಬ್ಬ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಅಪ್ಪ ಮಾತನ್ನು ನಂಬುವವರಲ್ಲ, ಕಾಗದವನ್ನು ನಂಬುವವರು. ಕೆಂಪು ಮೊಹರು ಬಿದ್ದ ಕಾಗದವಾದರೆ ಎದ್ದು ನಿಂತು ನಂಬುತ್ತಾರೆ. ಓದು ನಡುವೆ ನಿಂತವರಿಗೆ ನೋಟರಿ ಕೊಡುವ ಗ್ಯಾಪ್ ಸರ್ಟಿಫಿಕೇಟ್ ಎಂಬುದೊಂದು ಇದೆಯೆಂದು ಸೀನಿಯರೊಬ್ಬರು ಹೇಳಿದ್ದರು. ಗ್ಯಾಪ್ ಇನ್ನೂ ಆಗಿಲ್ಲ, ಆದರೇನು? ಮದುವೆಗೆ ಮುಂಚೆ ಛತ್ರ ಬುಕ್ ಮಾಡುವುದಿಲ್ಲವೇ?

ಹೀಗೆ ಹೊಂಗೆ ಮರ.

ಟೈಪಿಸ್ಟರಿಗೆ ಅರವತ್ತರ ಆಸುಪಾಸು. ಹಳೆಯ ಕನ್ನಡ ಟೈಪ್‌ರೈಟರು, ಪಕ್ಕದಲ್ಲಿ ಹಾಳೆಗಳ ಕಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಅರ್ಧ ಕೆ.ಜಿ.ಯ ತೂಕದ ಬಟ್ಟು. “ಗ್ಯಾಪ್ ಸರ್ಟಿಫಿಕೇಟಾ, ಬಾ ಕೂತ್ಕೊ” ಎಂದವರೇ ಹಾಳೆ ಸುತ್ತಿ ಶುರು ಮಾಡಿಬಿಟ್ಟರು. ಬಾಯಿಪಾಠ. ಹೆಸರು, ತಂದೆಯ ಹೆಸರು, ವಾಸಸ್ಥಳ ಕೇಳಲಷ್ಟೇ ನಿಲ್ಲಿಸಿದ್ದು. ಸದರಿ ಅವಧಿಯಲ್ಲಿ ನಾನು ಬೇರಾವುದೇ ಶಿಕ್ಷಣ ಸಂಸ್ಥೆಗೆ ಸೇರಿರುವುದಿಲ್ಲ. ಸದರಿ ಅವಧಿಯಲ್ಲಿ ಯಾವುದೇ ಉದ್ಯೋಗದಲ್ಲಿ ಇರುವುದಿಲ್ಲ. ಸದರಿ ಅವಧಿಯಲ್ಲಿ ಯಾವುದೇ ಕ್ರಿಮಿನಲ್ ಪ್ರಕರಣದಲ್ಲಿ ಭಾಗಿಯಾಗಿರುವುದಿಲ್ಲ. ಹುಡುಗನಿಗೆ ಹಿತವೆನಿಸಿತು. ತನ್ನ ಆಸೆಯನ್ನು ಇಷ್ಟು ಸ್ಪಷ್ಟವಾಗಿ ಅವನಿಗೇ ಹೇಳಲು ಬಂದಿರಲಿಲ್ಲ.

“ಯಾವತ್ತಿಂದ ಯಾವತ್ತಿನ ತನಕ?”

“ಮುಂದಿನ ಸೋಮವಾರದಿಂದ ಸರ್.”

ಮಿಷನ್ನು ನಿಂತಿತು. “ಹೋದ ಸೋಮವಾರ ಅನ್ನು.”

“ಅಲ್ಲ ಸರ್, ಬರೋದು. ಬರೋ ಸೋಮವಾರದಿಂದ ಬರೋ ವರ್ಷ ಇದೇ ಹೊತ್ತಿನ ತನಕ.”

ಟೈಪಿಸ್ಟರು ಕೈ ಎತ್ತಿ ಪಕ್ಕದ ಮರದಡಿಯ ಛಾಪಾ ಕಾಗದದವರನ್ನು ಕರೆದರು. ಅವರ ಹಿಂದೆಯೇ, ಕಕ್ಷಿದಾರರಿಲ್ಲದೆ ಕಡಲೆಕಾಯಿ ಸುಲಿಯುತ್ತಿದ್ದ ಕಿರಿಯ ವಕೀಲರೊಬ್ಬರು ಬಂದರು. ವಿಚಾರಣೆ ಶುರುವಾಯಿತು. ಇನ್ನೂ ನಡೆಯದ ವರ್ಷದ ಬಗ್ಗೆ ಪ್ರಮಾಣ ಮಾಡಬಹುದೇ? ಟೈಪಿಸ್ಟರು ಸಾಧ್ಯವೇ ಇಲ್ಲ ಎಂದರು. ವಕೀಲರು ಹಾಳೆ ನೋಡಿ, ಒಂದು ಕಾಳು ಬಾಯಿಗೆಸೆದುಕೊಂಡು, “ಆಗ್ತದೆ” ಎಂದರು. “‘ಉದ್ಯೋಗದಲ್ಲಿ ಇರುವುದಿಲ್ಲ’ ಅಂತ ಹೊಡೆದಿದೀರಿ. ಅದು ಇರಲಿಲ್ಲ ಅಂತನೂ ಆಗ್ತದೆ, ಇರೋದಿಲ್ಲ ಅಂತನೂ ಆಗ್ತದೆ. ಕೋರ್ಟಿನ ಕನ್ನಡದಾಗೆ ಭೂತ ಯಾವುದು, ಭವಿಷ್ಯ ಯಾವುದು ಅಂತ ಜಡ್ಜಿಗೂ ತಿಳಿಯಲ್ಲ. ಒಂದಕ್ಷರ ತಿದ್ದಬೇಡ್ರಿ, ತಾರೀಖು ಹಾಕ್ರಿ.”

ಮೂವತ್ತು ವರ್ಷದಿಂದ ಅದನ್ನೇ ಹೊಡೆಯುತ್ತಿದ್ದ ಟೈಪಿಸ್ಟರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಮೊದಲ ಸಲವೆಂಬಂತೆ ಓದಿದರು. ಹೌದು, ಇರುವುದಿಲ್ಲ. ಹುಡುಗನ ಎದೆ ಉಬ್ಬಿತು. ಅವನ ಪರವಾಗಿ ವ್ಯಾಕರಣ ನಿಂತದ್ದು ಜೀವನದಲ್ಲಿ ಅದೊಂದೇ ಸಲ.

ಛಾಪಾ ಕಾಗದದವರು ಮಾತ್ರ ಒಪ್ಪಲಿಲ್ಲ. ಅವರ ತಕರಾರು ಮೂರನೇ ವಾಕ್ಯದ ಮೇಲೆ. “ಹೋದ ವರ್ಷ ಕಳ್ಳತನ ಮಾಡಿಲ್ಲ ಅಂದ್ರೆ ನಂಬೋಣ. ಬರೋ ವರ್ಷ ಮಾಡಲ್ಲ ಅಂತ ಯಾರು ಜಾಮೀನು? ವರ್ಷಗಟ್ಟಲೆ ಖಾಲಿ ಕೂರೋ ಹುಡುಗ ಏನೂ ಮಾಡಲ್ಲ ಅಂತ ಹೆಂಗ್ ಹೇಳ್ತೀರಿ?” ಎಲ್ಲರೂ ಹುಡುಗನ ಮುಖ ನೋಡಿದರು. ಅವನು ಸಾಧ್ಯವಾದಷ್ಟು ಸಂಭಾವಿತನಂತೆ ನಿಂತ.

“ಇರ್ಲಿ, ಕಾರಣ ಏನ್ ಹಾಕ್ಲಿ?” ಟೈಪಿಸ್ಟರು ಬೇಸತ್ತು ಕೇಳಿದರು. “ಅನಾರೋಗ್ಯ, ಮನೆ ತೊಂದರೆ, ಫೇಲು. ಈ ಮೂರೇ. ನಾಲ್ಕನೇದು ನಾನು ಇವತ್ತಿನ ತನಕ ಹೊಡೆದಿಲ್ಲ.”

“ಯೋಚನೆ ಮಾಡೋಕೆ ಅಂತ ಹಾಕಿ ಸರ್.”

“ಏನನ್ನ?”

“ಅದನ್ನೇ ಸರ್, ಯೋಚನೆ ಮಾಡ್ಬೇಕಾಗಿರೋದು.”

ವಕೀಲರ ಕಡಲೆಕಾಯಿ ಮುಗಿದಿತ್ತು. ಟೈಪಿಸ್ಟರು ಹಾಳೆಯನ್ನು ನಿಧಾನವಾಗಿ ಹೊರಗೆಳೆದು ತೀರ್ಪು ಕೊಟ್ಟರು: “ಆಗಿದ್ದಕ್ಕೆ ಅಫಿಡವಿಟ್ಟು, ಆಗೋದಕ್ಕೆ ಅಗ್ರಿಮೆಂಟು. ನಿಂದು ಅಗ್ರಿಮೆಂಟ್ ಕೇಸು. ಎರಡನೇ ಪಾರ್ಟಿ ಯಾರು?”

“ನಮ್ಮಪ್ಪ.”

“ಹಂಗಾರೆ ಅವರನ್ನ ಕರ್ಕಂಡ್ ಬಾ.”

ದುಡ್ಡು ತೆಗೆದುಕೊಳ್ಳಲಿಲ್ಲ. ಅರ್ಧ ಹೊಡೆದ ಹಾಳೆಯನ್ನು ಮಡಿಸಿ ಅವನ ಜೇಬಿಗೇ ಇಟ್ಟರು. ತಾರೀಖಿನ ಜಾಗದಲ್ಲೂ ಕಾರಣದ ಜಾಗದಲ್ಲೂ ಬರೀ ಚುಕ್ಕೆಗಳಿದ್ದವು.

ಮುಂದಿನದನ್ನು ಬೇಗ ಹೇಳಬಹುದು. ರಜೆ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಅವನು ಬೆಣ್ಣೆ ದೋಸೆ ಹೋಟೆಲಿನ ಮೂಲೆ ಮೇಜನ್ನು ಆರಿಸಿಕೊಂಡ. ನೋಟ್‌ಬುಕ್ಕಿನ ಹಾಳೆಯಲ್ಲಿ ನಡುಗೆರೆ ಎಳೆದು ಎಡಕ್ಕೆ ಲಾಭ, ಬಲಕ್ಕೆ ನಷ್ಟ ಬರೆಯುತ್ತಿದ್ದ. ಬೆಳಗಿನ ಮೊದಲೆರಡು ಪೀರಿಯಡ್ ಇದಕ್ಕೇ ಮೀಸಲು. ಸೆಮಿಸ್ಟರಿನ ಕೊನೆಯಲ್ಲಿ ನೋಟೀಸ್ ಬೋರ್ಡಿಗೆ ಹಾಜರಾತಿ ಪಟ್ಟಿ ಬಿತ್ತು. 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ ಮೊದಲ ಬ್ಯಾಚಿನವನು ಅವನು. ಪರೀಕ್ಷೆಗೆ ಕೂರಲು ಶೇ. 85 ಹಾಜರಾತಿ ಬೇಕಿತ್ತು. ಕರುಣೆಗೂ ಶೇ. 75ರ ಕಟಕಟೆ ಇತ್ತು. ಅವನದು 71. ಐದನೇ ಸೆಮಿಸ್ಟರು ವರ್ಷಕ್ಕೊಮ್ಮೆ ಮಾತ್ರ ಬರುವಂಥದ್ದು. ತಪ್ಪಿದರೆ ಕಾಯಬೇಕಾದದ್ದು ಭರ್ತಿ ಒಂದು ವರ್ಷ.

ಬೇಕೆಂದು ಅಂಗಲಾಚಿದ ವರ್ಷ ಹೀಗೆ ದಂಡದ ರೂಪದಲ್ಲಿ ಸಿಕ್ಕಿತು.

ಆ ವರ್ಷ ಏನು ಯೋಚಿಸಿದ ಎಂದು ಯಾರೂ ಕೇಳಬಾರದು. ಮನೆಯಲ್ಲಿ ಖಾಲಿಯಿರುವ ಹುಡುಗ ಕೇರಿಗೆಲ್ಲ ಸೇರಿದ ಆಸ್ತಿ. ಸೀಮೆಎಣ್ಣೆ ಕ್ಯೂ, ಪಕ್ಕದ ಮನೆ ಅಜ್ಜಿಯ ಪಾಸ್‌ಬುಕ್ ಎಂಟ್ರಿ, ಮದುವೆಗಳಲ್ಲಿ ಎರಡನೇ ಪಂಕ್ತಿಗೆ ಸಾರು ಬಡಿಸುವುದು. ಊರ ಗ್ರಂಥಾಲಯದಲ್ಲಿ ಕಾರಂತರ ಕಾದಂಬರಿಗಳ ಸಾಲು ಮುಗಿಸಿದ, ಅದು ಸುಳ್ಳಲ್ಲ, ಅಪ್ಪನಿಗೆ ಹೇಳಲಿಲ್ಲ. ವಾಪಸ್ ಹೋದಾಗ ಜೂನಿಯರುಗಳ ನಡುವೆ ಅವನೊಬ್ಬನ ಸೀಟ್ ನಂಬರಿನಲ್ಲಿ ಮಾತ್ರ 98 ಎಂದಿರುತ್ತಿತ್ತು. ಹಾಜರಿ ಕೂಗುವಾಗ ಮೇಷ್ಟರು ಅಲ್ಲಿಗೆ ಬಂದು ಒಂದು ಕ್ಷಣ ತಡೆಯುತ್ತಿದ್ದರು.

ಅವನ ಹಳೆಯ ಕ್ಲಾಸಿನ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಎಂ-3ಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು. ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ, “ಅಜ್ಜಿಗೆ ಹುಷಾರಿಲ್ಲ, ಒಂದು ವರ್ಷ ಬಿಟ್ಟು ಬರ್ತೀನಿ” ಎಂದು ಹೇಳಿ ತನ್ನ ನೋಟ್‌ಬುಕ್ಕನ್ನು ಇವನಿಗೆ ಕೊಟ್ಟು ಹೋದಳು. ಅಜ್ಜಿ ಕಣ್ಣು ಮುಚ್ಚುವ ಮೊದಲು ಮೊಮ್ಮಗಳ ಮದುವೆ ನೋಡಬೇಕಂತೆ. ನೋಡಿದರು. ಹುಡುಗ ಒಂದು ವರ್ಷ ಮನೆಯಲ್ಲಿದ್ದರೆ ಸೀಮೆಎಣ್ಣೆ ಕ್ಯೂ, ಹುಡುಗಿ ಇದ್ದರೆ ಜಾತಕ. ಅವಳಿಗೆ ಗ್ಯಾಪ್ ಸರ್ಟಿಫಿಕೇಟು ಬೇಕಾಗಲೇ ಇಲ್ಲ, ಮರಳಿ ಬರಲಿಲ್ಲವಲ್ಲ. ಖಾಕಿ ಬೈಂಡು ಹಾಕಿದ ಆ ಪುಸ್ತಕದ ಗುಂಡು ಅಕ್ಷರದ ಫೋರಿಯರ್ ಸರಣಿ ಓದಿಯೇ ಇವನು ಎಂ-3 ಪಾಸಾದದ್ದು. ಪುಸ್ತಕ ಇನ್ನೂ ಇವನ ಹತ್ತಿರವೇ ಇದೆ.

ಅವನ ಜೊತೆ ಸೇರಿದವರು 2002ರಲ್ಲಿ ಹೊರಬಿದ್ದಾಗ ಐಟಿ ಕಂಪನಿಗಳು ನೆಲಕಚ್ಚಿದ್ದವು. ಆಫರ್ ಲೆಟರ್ ಕೈಲಿದ್ದವರೂ ತಿಂಗಳುಗಟ್ಟಲೆ ಕಾದರು. ಮರುವರ್ಷ ಇವನ ಸರದಿ ಬಂದಾಗ ಸಂದರ್ಶನದಲ್ಲಿ ನಿರೀಕ್ಷಿಸಿದ್ದೇ ಬಂತು: ನಡುವೆ ಒಂದು ವರ್ಷ ಎಲ್ಲಿ? ಅವನು ಪ್ರಾಮಾಣಿಕವಾಗಿ, “ಅಟೆಂಡೆನ್ಸ್ ಶಾರ್ಟೇಜ್ ಸರ್” ಎಂದ. ಕೇಳಿದವರ ಮುಖ ಅರಳಿತು. ತಮಗೂ ಹಾಗೆಯೇ ಆಗಿತ್ತೆಂದು ನಕ್ಕರು. ಯೋಚಿಸಲು ರಜೆ ಹಾಕಿದ್ದೆ ಎಂದಿದ್ದರೆ ಬಾಗಿಲು ತೋರಿಸುತ್ತಿದ್ದರೋ ಏನೋ. ಸೋಮಾರಿಯನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಯೋಚಿಸುವವನೆಂದರೆ ಎಚ್‌ಆರ್‌ನವರಿಗೆ ಇವತ್ತಿಗೂ ದಿಗಿಲು.

ಕಾಲ ಬದಲಾಗಿದೆ ಎನ್ನುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಬೇಕಾದಾಗ ಬಿಡಿ, ಬೇಕಾದಾಗ ಬನ್ನಿ ಎಂದಿತು. ಒಂದು ವರ್ಷ ಓದಿದವರಿಗೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಓದಿದ್ದನ್ನು ಕ್ರೆಡಿಟ್ ಬ್ಯಾಂಕಿನಲ್ಲಿ ಏಳು ವರ್ಷದವರೆಗೆ ಇಟ್ಟುಕೊಳ್ಳಬಹುದು. ಕರ್ನಾಟಕ 2021ರಲ್ಲಿ ದೇಶದಲ್ಲೇ ಮೊದಲಿಗೆ ಈ ನೀತಿಯನ್ನು ಜಾರಿಗೆ ತಂದು, 2024ರಲ್ಲಿ ನಾಲ್ಕು ವರ್ಷದ ಪದವಿ ಬೇಡವೆಂದು ಮೂರಕ್ಕೇ ಮರಳಿತು. ಸರ್ಕಾರವೇ ಮೂರು ವರ್ಷ ಯೋಚಿಸಿ ವಾಪಸ್ ಬಂದದ್ದಕ್ಕೆ ಯಾರೂ ಅಫಿಡವಿಟ್ ಕೇಳಲಿಲ್ಲ. 2019ರ ಕೇಂದ್ರದ ನವೋದ್ಯಮ ನೀತಿಯಂತೂ ಸ್ಟಾರ್ಟಪ್ ಕಟ್ಟುವ ವಿದ್ಯಾರ್ಥಿಗೆ ಒಂದು ವರ್ಷದ ಬಿಡುವನ್ನೂ ಕೊಡಬಹುದು ಎನ್ನುತ್ತದೆ. ಗಾಂಧಿಯ ಜಾಗದಲ್ಲಿ ಸ್ಟಾರ್ಟಪ್ ಬಂದಿದೆ. ಯಾರಾದರೂ ಕರೆಯಲೇಬೇಕು.

ಕಳೆದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದಳು. ಇಂಜಿನಿಯರಿಂಗ್ ಎರಡನೇ ವರ್ಷ. “ಮಾವಾ, ಒಂದು ವರ್ಷ ಬ್ರೇಕ್ ತಗೋಬೇಕು ಅನ್ನಿಸ್ತಿದೆ.” ಅರ್ಧ ಗಂಟೆ ಮುಂಚೆ ಅಕ್ಕ ಫೋನ್ ಮಾಡಿ, “ನಿನ್ನ ಹತ್ರ ಮಾತಾಡ್ತಾಳೆ, ಬುದ್ಧಿ ಹೇಳು. ಇಲ್ಲಾಂದ್ರೆ ಜಾತಕ ತೆಗೀತೀವಿ” ಎಂದಿದ್ದಳು. ಜಾತಕ ಎಂದೊಡನೆ ಅವನಿಗೆ ಖಾಕಿ ಬೈಂಡಿನ ನೋಟ್‌ಬುಕ್ಕು ನೆನಪಾಗಿ, ಅಕ್ಕನಿಗೆ ನಾಲ್ಕು ಮಾತು ಬೈದು ಇಟ್ಟಿದ್ದ. ಆದರೆ ಮಗು ಕೇಳಿದಾಗ ಅವನ ಬಾಯಿಂದ ಮೊದಲು ಬಂದದ್ದು, “ಕಾರಣ ಏನು?” ಎಂಬ ಮಾತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ನೀವೂ ಅದನ್ನೇ ಕೇಳ್ತೀರಲ್ಲ ಮಾವ.”

ಅವನು ಬೀರುವಿನಿಂದ ಅರ್ಧ ಹೊಡೆದ ಆ ಹಾಳೆ ಹುಡುಕಿ, ಫೋಟೊ ತೆಗೆದು ಕಳಿಸಿದ. ಚುಕ್ಕೆಗಳು ಹಾಗೇ ಇದ್ದವು.

ಅವಳ ಅರ್ಜಿ ಈಗ ಪ್ರಿನ್ಸಿಪಾಲರ ಮೇಜಿನ ಮೇಲಿದೆ. ಉತ್ತರ ಬಂದಿಲ್ಲ. ಮಾವ ವಾರಕ್ಕೊಮ್ಮೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ, ಹಾಜರಾತಿ ಎಷ್ಟಾಯಿತು ಎಂದು. ಈ ಶನಿವಾರಕ್ಕೆ ಶೇ. 88.